ನೆರಳು ಮಾರಿ ನೀರು ಕುಡಿದ ಪಟ್ಟಣ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೂ ಬಂದಿರದ ಕಾಲದಲ್ಲಿ, ಬೆಟ್ಟಗಳ ಆಚೆ ಕುಲುಮೆಪಟ್ಟಣ ಅಂತ ಒಂದು ರಾಜ್ಯವಿತ್ತು. ಅಲ್ಲಿ ಕಮ್ಮಾರರದೇ ಕಾರುಬಾರು. ಮೊದಮೊದಲು ನಾಲ್ಕು ಕುಲುಮೆ, ಕುಡಿಯಲು ಒಂದು ಸೇದುವ ಬಾವಿ, ಅಷ್ಟೇ. ಆ ಊರಿನ ಕುಡುಗೋಲು ಗಟ್ಟಿ ಅಂತ ದೇಶದೇಶದವರು ಹುಡುಕಿಕೊಂಡು ಬಂದರು. ಬಂದವರು ಅಲ್ಲೇ ಬೀಡುಬಿಟ್ಟರು. ಬಾವಿ ಸಾಲಲಿಲ್ಲ, ಕೆರೆ ಕಟ್ಟಿದರು. ಕೆರೆ ತುಂಬಿತಲ್ಲ ಅಂತ ಇನ್ನಷ್ಟು ಕುಲುಮೆ ಹೂಡಿದರು. ಕುಲುಮೆ ಹೆಚ್ಚಿತಲ್ಲ ಅಂತ ನೇಯುವವರು ಬಂದರು, ಬಣ್ಣ ಅದ್ದುವವರು ಬಂದರು. ಊರು ಉಬ್ಬಿತು ನೋಡಿ, ಎಣ್ಣೆಗೆ ಬಿದ್ದ ಪೂರಿಯ ಹಾಗೆ!

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕೆರೆಯೊಳಗೆ ಕೆರೆಯವ್ವ ಇದ್ದಾಳೆ, ಅವಳೇ ನಮ್ಮನ್ನು ಕಾಯುವ ತಾಯಿ ಅಂತ ಎಲ್ಲರ ನಂಬಿಕೆ. ಹಾಗಾಗಿ ಯಾವ ಹೊಸ ಕಬ್ಬಿಣವೇ ಇರಲಿ, ಮಚ್ಚಾಗಲಿ, ಲಾಳವಾಗಲಿ, ಕೆಂಪಗೆ ಕಾದದ್ದನ್ನು ಇಕ್ಕಳದಲ್ಲಿ ಹಿಡಿದುಕೊಂಡು ಕೆರೆಗೆ ಓಡಬೇಕು, ಅವ್ವನ ನೀರಿನಲ್ಲೇ ಅದ್ದಬೇಕು. 'ಚುಂಯ್' ಅಂದಿತೋ, ಅವ್ವ ಹರಸಿದಳು ಅಂತ ಕೈಮುಗಿದು ಬರುತ್ತಿದ್ದರು. ನಾಲ್ಕು ಕುಲುಮೆ ಇದ್ದಾಗ ಸರಿ. ಊರ ತುಂಬ ಕುಲುಮೆಯಾದ ಮೇಲೂ ಒಬ್ಬರೂ ಪದ್ಧತಿ ತಪ್ಪಲಿಲ್ಲ. ಬೆಳಗಿನಿಂದ ಬೈಗಿನ ತನಕ ಕೆರೆಯ ಸುತ್ತ ಚುಂಯ್, ಚುಂಯ್. ಭಕ್ತಿ ಅಂದರೆ ಭಕ್ತಿ!

ಒಂದು ದಿನ ಬೆಳಗಾಗೆದ್ದು ನೋಡಿದರೆ ಕೆರೆ ಬರಿದು. ಮಳೆ ಬಂತು, ಹಳ್ಳ ಹರಿದು ಇಂಗಿತು, ಕೆರೆ ಮಾತ್ರ ತುಂಬಲಿಲ್ಲ. ಬಾವಿಯೂ ಬತ್ತಿತು. ಜನ ಬಾಯಿಬಾಯಿ ಬಡಿದುಕೊಂಡರು.

ಆಗ ಬಂದ ನೋಡಿ ಬರಡಯ್ಯನೆಂಬ ಮಾಂತ್ರಿಕ. ಒಣಕಲು ಮೈ, ಹೆಗಲ ಮೇಲೊಂದು ಸೋರೆಬುರುಡೆ. ಬುರುಡೆ ಬಗ್ಗಿಸಿದರೆ ನೀರು, ಎಷ್ಟು ಬಗ್ಗಿಸಿದರೂ ನೀರು.

"ನಂಗೆ ಹೊನ್ನು ಬೇಡ, ಚಿನ್ನ ಬೇಡ," ಅಂದ. "ನಿಮ್ಮ ನೆರಳು ಕೊಡಿ ಸಾಕು. ಹೇಗೂ ನೆಲದ ಮೇಲೆ ಬಿದ್ದು ಹೊರಳೋ ವಸ್ತು, ನಿಮಗ್ಯಾಕೆ?"

ಜನ ನಕ್ಕರು. ಇವನೆಂಥ ಪೆದ್ದ ಅಂದುಕೊಂಡರು. ಪೆದ್ದರು ಯಾರು ಅಂತ ಆಮೇಲೆ ಗೊತ್ತಾಯಿತು. ಎಲ್ಲರಿಗಿಂತ ಮೊದಲು ರಾಜನೇ ಕೊಟ್ಟ, ಕಿರೀಟದ ನೆರಳೂ ಸೇರಿಸಿ. ಬರಡಯ್ಯ ಇಕ್ಕಳದಲ್ಲಿ ನೆರಳಿನ ಅಂಚು ಹಿಡಿದು, ಹಪ್ಪಳ ಬಿಡಿಸಿದ ಹಾಗೆ ನೆಲದಿಂದ ಬಿಡಿಸಿ, ಸುರುಳಿ ಸುತ್ತಿ ಬುರುಡೆಗೆ ತುರುಕುತ್ತಿದ್ದ. ದೊಡ್ಡವರದು ಮುಗಿದ ಮೇಲೆ ಮರಗಳದು, ಮರಗಳದು ಮುಗಿದ ಮೇಲೆ ಗೋಡೆಗಳದು. ಊರಿನಲ್ಲಿ ಬೊಗಸೆ ತಂಪೂ ಇಲ್ಲದೆ ಹೋಯಿತು. ನೆರಳು ಕಳೆದುಕೊಂಡವರಿಗೆ ಎಷ್ಟು ನೀರು ಕುಡಿದರೂ ಮೈಯ ಕಾವು ಇಳಿಯುತ್ತಿರಲಿಲ್ಲ.

ಆ ಊರಿನಲ್ಲಿ ಸಂಕವ್ವ ಅಂತ ಒಬ್ಬಳು. ಹುಟ್ಟಿದ್ದು ಕಮ್ಮಾರರ ಮನೆ, ಸೇರಿದ್ದು ಕಮ್ಮಾರರ ಮನೆ. ಗಂಡ ಮೌನಪ್ಪ ಸುತ್ತಿಗೆ ಬೀಸಿದರೆ ಇವಳು ತಿದಿ ಒತ್ತಿ ಬೆಂಕಿ ಊದುತ್ತಿದ್ದಳು. ಅವಳೂ ನೆರಳು ಕೊಟ್ಟಿದ್ದಳು, ಬಾಣಂತಿ ಕೋಣೆಯಲ್ಲಿ ಕೂಸಿಗೆ ಎರೆಯಲು ನೀರಿಲ್ಲ ಅಂತ. ಆ ಕೂಸು ಚಿಟ್ಟಿಯನ್ನು ಬಿಸಿಲಿಗೆ ಮರೆಮಾಡಲು ಬಾಗಿದರೆ, ಬಿಸಿಲು ತಾಯಿಯ ಮೈಯೊಳಗಿಂದ ಹಾದು ಮಗುವಿನ ಕಣ್ಣಿಗೇ ಹೊಡೆಯುತ್ತಿತ್ತು. ತಾಯಿಗೆ ಅದಕ್ಕಿಂತ ಸಂಕಟ ಬೇರೆ ಉಂಟೇ? ಇತ್ತ ಮೌನಪ್ಪ ಮೈಕಾವು ತಾಳದೆ ಹಾಸಿಗೆ ಹಿಡಿದ.

ಅಷ್ಟರಲ್ಲಿ ಬರಡಯ್ಯ ಡಂಗುರ ಹೊಡೆಸಿದ: "ದೊಡ್ಡವರ ನೆರಳು ತೀರಿತು. ಇನ್ನು ನೀರು ಬೇಕಾದವರು ಕೂಸುಗಳದ್ದು ತನ್ನಿ."

"ಇವನ ನಾಲಿಗೆ ಸೇದಿಹೋಗ!" ಅಂದಳು ಸಂಕವ್ವ. ಚಿಟ್ಟಿಯನ್ನು ಸೆರಗಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು.

"ಎಲ್ಲಿಗೆ ಹೊರಟೆ ಸಂಕಿ?" ಅಂದ ಮೌನಪ್ಪ.

"ಮಳೆ ಬಂದರೂ ಕೆರೆ ತುಂಬಲಿಲ್ಲ ಅಂದ್ರೆ ಅವ್ವ ಮನೇಲಿಲ್ಲ ಅಂತ ತಾನೇ? ಹೋಗಿ ಕರಕೊಂಡು ಬರ್ತೀನಿ. ಅಲ್ಲೀವರೆಗೆ ಜೀವ ಹಿಡಕೊಂಡಿರ್ರಿ."

ಒಣಗಿದ ಕೆರೆಯಂಗಳದಲ್ಲಿ ಹುಡುಕಿದಳು. ಅಲ್ಲಿಂದ ಬೆಟ್ಟದ ಕಡೆಗೆ ಹೆಂಗಸಿನ ಹೆಜ್ಜೆಗಳು ಹೋಗಿದ್ದವು. ಹೆಜ್ಜೆ ಹೆಜ್ಜೆಯಲ್ಲೂ ಹಸಿರು ಗರಿಕೆ ಚಿಗುರಿತ್ತು. ಗರಿಕೆ ಹಿಡಿದು ನಡೆದಳು, ನಡೆದಳು, ನಡೆದಳು.

ಬೆಟ್ಟದ ಬಾಗಿಲಲ್ಲಿ ಒಂದು ಕಲ್ಲಾನೆ ಅಡ್ಡ ನಿಂತಿತ್ತು. "ಯಾರೇ ಅದು?" ಅಂತ ಗುಡುಗಿತು. "ಹುಟ್ಟಿದಾಗಿನಿಂದ ಬಿಸಿಲಲ್ಲಿ ನಿಂತಿದ್ದೀನಿ. ಕಣ್ಣಿದೆ, ಮುಚ್ಚೋಕೆ ರೆಪ್ಪೆ ಇಲ್ಲ. ಕಣ್ಣಿಗೆ ನೆರಳು ಕೊಡು, ದಾರಿ ಬಿಡ್ತೀನಿ."

ನೆರಳೇ! ಸಂಕವ್ವ ತನ್ನದನ್ನು ಮಾರಿಕೊಂಡಾಗಿದೆ. ಆದರೆ ಚಿಟ್ಟಿಯದು ಇನ್ನೂ ಇತ್ತಲ್ಲ? ಮಗುವನ್ನು ಬೆನ್ನಿನಿಂದ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಪುಟಾಣಿ ನೆರಳು ಆನೆಯ ಕಣ್ಣಿನ ಮೇಲೆ ಬಿತ್ತು. ತೋಳು ಸೋತರೂ ಇಳಿಸಲಿಲ್ಲ. ಕಲ್ಲಾನೆ ನಿಟ್ಟುಸಿರು ಬಿಟ್ಟಿತು.

"ಇಂಥ ತಂಪನ್ನ ಯಾರಾದ್ರೂ ಮಾರ್ತಾರೇನೇ ತಾಯಿ?"

"ತಪ್ಪಾಯ್ತಪ್ಪ," ಅಂದಳು ಸಂಕವ್ವ. ಆನೆ ಸರಿದು ದಾರಿ ಬಿಟ್ಟಿತು.

ಮುಂದೆ ಕಡಿದಾದ ಬಂಡೆ, ಬಂಡೆಯ ಅಂಚಿನಲ್ಲಿ ಕಾಲುದಾರಿ, ದಾರಿಯ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ ಹೆಬ್ಬಾವು. ಅದು ಉಸಿರೆಳೆದರೆ ಎದುರಿದ್ದದ್ದೆಲ್ಲ ಹೊಟ್ಟೆಗೆ, ಉಸಿರು ಬಿಟ್ಟರೆ ಎಲ್ಲ ಪ್ರಪಾತಕ್ಕೆ. ಸಂಕವ್ವ ಕೂತು ನೋಡಿದಳು. ನೋಡುತ್ತ ನೋಡುತ್ತ ನಗು ಬಂತು. "ಅಯ್ಯ, ಇದು ನಮ್ಮ ತಿದಿ!" ತಿದಿ ಉಬ್ಬುವುದಕ್ಕೂ ಕುಗ್ಗುವುದಕ್ಕೂ ನಡುವೆ ಒಂದು ಬಿಡುವುಂಟು, ಒತ್ತುವವರು ಹಣೆಯ ಬೆವರು ಒರೆಸಿಕೊಳ್ಳುವುದು ಆಗಲೇ. ಹಾವು ಉಸಿರೆಳೆದಾಗ ಬಂಡೆ ತಬ್ಬಿದಳು, ಬಿಟ್ಟಾಗ ಬೇರು ಹಿಡಿದಳು, ನಡುವಿನ ಬಿಡುವಿನಲ್ಲಿ ಪುಸಕ್ಕನೆ ದಾಟಿದಳು. ಚಿಟ್ಟಿಗೆ ಅದೆಲ್ಲ ಉಯ್ಯಾಲೆ ಅನ್ನಿಸಿತೋ ಏನೋ, ಕಿಲಕಿಲ ನಕ್ಕಿತು.

ಮೂರನೆಯದೇ ಕಷ್ಟದ್ದು. ಗುಹೆಯೊಳಗೆ ತಣ್ಣನೆಯ ಮಡು. ಮಡುವಿನಲ್ಲಿ ಕೆರೆಯವ್ವ ಗೋಡೆಗೆ ಬೆನ್ನು ಆನಿಸಿ, ಎದೆಮಟ್ಟ ನೀರಿನಲ್ಲಿ ಕೂತಿದ್ದಳು.

"ಕುಲುಮೆಪಟ್ಟಣದವಳೇನೇ?" ಅಂದಳು. "ನಾನು ಯಾಕೆ ಎದ್ದು ಬಂದೆ ಹೇಳು ನೋಡೋಣ. ಗೊತ್ತಿದ್ದರೆ ಮಾತಾಡು, ಇಲ್ಲದಿದ್ದರೆ ಬಂದ ದಾರಿ ಹಿಡಿ."

ಸಂಕವ್ವ ಯೋಚಿಸಿದಳು. ಪೂಜೆ ತಪ್ಪಿಸಿದೆವೇ? ಇಲ್ಲ. ಹರಕೆ ಮರೆತೆವೇ? ಇಲ್ಲ. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೊನೆಗೆ, "ಗೊತ್ತಿಲ್ಲವ್ವ," ಅಂದಳು. "ನಿನಗೇನೋ ನೋವಾಗಿದೆ, ಅಷ್ಟು ಕಾಣ್ತದೆ. ಎಲ್ಲಿ ನೋವು, ನೀನೇ ಹೇಳು."

ಕೆರೆಯವ್ವ ಮೆಲ್ಲಗೆ ತಿರುಗಿ ಬೆನ್ನು ತೋರಿಸಿದಳು.

ಬೆನ್ನ ತುಂಬ ಬರೆ. ಕುಡುಗೋಲಿನ ಬರೆ, ಲಾಳದ ಬರೆ, ಮಚ್ಚಿನ ಬರೆ. ಒಂದು ಬರೆಯ ತುದಿಯಲ್ಲಿ ನವಿಲುಹೆಜ್ಜೆಯ ಗುರುತು. ಅದು ಮೌನಪ್ಪನ ಮನೆಯ ಗುರುತು! ಸಂಕವ್ವನ ಮದುವೆಗೆ ಅಂತ ಅವನೇ ಬಡಿದ ಈಳಿಗೆಮಣೆಯ ಅಲಗು. ಅದನ್ನು ಕೆರೆಗೆ ಅದ್ದಿ ಇಬ್ಬರೂ ಕೈಮುಗಿದಿದ್ದರು.

'ಭಕ್ತಿಯಿಂದ ಮಾಡಿದ್ದವ್ವ' ಅನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಸುಟ್ಟ ಬೆನ್ನಿಗೆ ಯಾಕೆ ಬೇಕು ಆ ಮಾತು? ಗುಹೆಯ ಹೊರಗೆ ಲೋಳೆಸರ ಬೆಳೆದಿತ್ತು. ಮುರಿದು ತಂದು, ಸಿಪ್ಪೆ ತೆಗೆದು, ಗಂಡನ ಸುಟ್ಟ ಕೈಗೆ ಹಚ್ಚುತ್ತಿದ್ದ ಹಾಗೆ ಒಂದೊಂದೇ ಬರೆಗೆ ಹಚ್ಚಿದಳು. ಹಚ್ಚುತ್ತ ಅತ್ತಳು. "ಉರೀತದೇನವ್ವ? ಇಲ್ಲಿ? ಇಲ್ಲಿ?"

"ಇಷ್ಟು ವರ್ಷ ಎಲ್ಲರೂ ಅದು ಕೊಡು, ಇದು ಕೊಡು ಅಂದರು," ಅಂದಳು ಕೆರೆಯವ್ವ. "ಉರೀತದೇನು ಅಂತ ಕೇಳಿದವಳು ನೀನೇ ಮಗಳೇ. ಬರ್ತೀನಿ. ಆದರೆ ಬಯಲಲ್ಲಿ ಬರಲಾರೆ, ನೆಲದೊಳಗೆ ತಂಪಿನಲ್ಲಿ ಬರ್ತೀನಿ. ಹೆಬ್ಬಾವು ಭೂಮಿ ಕೊರೆದು ದಾರಿ ಮಾಡುತ್ತದೆ, ಆನೆ ಬಂಡೆ ಎತ್ತುತ್ತದೆ. ಊರೊಳಗೆ ಮಣ್ಣಿನ ಕೊಳವೆ ಹೂಳಿರಿ. ಕಾದ ಕಬ್ಬಿಣ ಅದ್ದಲು ಕುಲುಮೆಯ ಮುಂದೆ ಕಲ್ಲುಬಾನಿಯಲ್ಲಿ ನೀರು ಇಟ್ಟುಕೊಳ್ಳಿ. ಬಣ್ಣ ಅದ್ದಿದ ನೀರು ನನ್ನ ಕಡೆ ಬರದಿರಲಿ. ಇನ್ನೊಂದು ಮಾತು. ಆ ಮಾಂತ್ರಿಕನ ಬುರುಡೆಯಲ್ಲಿ ಇರೋದು ನನ್ನದೇ ನೀರು, ಓಡಿಬರುವಾಗ ಹಿಂದೆ ಉಳಿದ ನನ್ನ ಮಗಳು. ನನ್ನ ದನಿ ಕೇಳಿದರೆ ಅವಳು ಅಲ್ಲಿ ನಿಲ್ಲುವವಳಲ್ಲ."

ಸಂಕವ್ವ ಊರಿಗೆ ಬಂದು ಹೇಳಿದಳು. "ಹಿರಿಯರ ಪದ್ಧತಿ ಬಿಡೋದೇ?" ಅಂತ ಕಮ್ಮಾರರು ಹರಿಹಾಯ್ದರು. ಮೌನಪ್ಪ ಮಾತ್ರ ನವಿಲುಹೆಜ್ಜೆಯ ಸುದ್ದಿ ಕೇಳಿ ಗೋಡೆ ಹಿಡಿದುಕೊಂಡು ಎದ್ದ. ಎಲ್ಲರೂ ನೋಡುತ್ತಿದ್ದಂತೆ ಕುಲುಮೆಯ ಮುಂದೆ ಕಲ್ಲುಬಾನಿ ಉರುಳಿಸಿ ಇಟ್ಟ. "ನನ್ನ ಗುರುತು ಅವ್ವನ ಬೆನ್ನ ಮೇಲಿದೆ," ಅಂದ. "ನಿಮ್ಮದೂ ಇದೆ." ಅಷ್ಟೇ ಅವನು ಅಂದದ್ದು. ಒಬ್ಬೊಬ್ಬರ ತಲೆಯೂ ಬಗ್ಗಿತು. ಕುಂಬಾರರು ಕೊಳವೆ ಸುಟ್ಟರು, ಕಮ್ಮಾರರು ಗುದ್ದಲಿ ಬಡಿದರು, ರಾಜನೂ ಕಿರೀಟ ಬದಿಗಿಟ್ಟು ಮಣ್ಣು ಹೊತ್ತ. ಬೆಟ್ಟದ ಕಡೆಯಿಂದ ಹೆಬ್ಬಾವು ಕೊರೆದ ದಾರಿಗೆ ಕೊಳವೆ ಕೂಡಿಸಿದರು, ಕೊಳವೆಯ ತುದಿ ಊರ ನಡುವೆ ಒಂದು ಕಲ್ಲಿನ ತೊಟ್ಟಿಗೆ ಬಂದು ನಿಂತಿತು.

ಕೊಳವೆಯೇನೋ ಬಂತು, ನೀರು ಬರಲಿಲ್ಲ. ಮೌನಪ್ಪನಿಗೆ ಉಸಿರು ಮೇಲೆ ಕೆಳಗೆ ಆಯಿತು. ಬರಡಯ್ಯ ಹಲ್ಲು ಕಿರಿಯುತ್ತ ಬಂದ. "ಗಂಡ ಬೇಕೋ, ಕೂಸಿನ ನೆರಳು ಬೇಕೋ? ಬೇಗ ಹೇಳು." ಉತ್ತರಕ್ಕೂ ಕಾಯದೆ ಬಗ್ಗಿ, ಚಿಟ್ಟಿಯ ನೆರಳಿನ ಅಂಚನ್ನು ಇಕ್ಕಳದಲ್ಲಿ ಹಿಡಿದೇಬಿಟ್ಟ. ಮಗು ಕಿಟಾರನೆ ಕಿರುಚಿತು.

ಸಂಕವ್ವ ಕೊಳವೆಯ ಬಾಯಿಗೆ ಬಾಯಿಟ್ಟು ಕೂಗಿದಳು: "ಅವ್ವಾ! ಉರಿ ಆರಿತೇನವ್ವಾ?"

ಕೊಳವೆ ಕೆಮ್ಮಿತು. ಗೊಳ್ ಅಂದಿತು. ಎಲ್ಲೋ ದೂರದಿಂದ, "ಆರಿತು ಮಗಳೇ, ಬಂದೇ!" ಎಂಬ ದನಿ ಬಂತು. ಆ ದನಿ ಕೇಳಿದ್ದೇ ತಡ, ಬುರುಡೆಯೊಳಗಿನ ನೀರು ತಾಯಿಯ ಕಡೆಗೆ ನುಗ್ಗಿತು. ಬುರುಡೆ ಫಟಾರನೆ ಒಡೆಯಿತು. ನೆರಳುಗಳು ಕಾಗೆಗಳ ಹಾಗೆ ಹಾರಿ ಬಂದು ತಂತಮ್ಮವರ ಪಾದಕ್ಕೆ ಅಂಟಿಕೊಂಡವು. ಗಡಿಬಿಡಿಯಲ್ಲಿ ರಾಜನ ಕಿರೀಟದ ನೆರಳು ಒಂದು ಕತ್ತೆಯ ತಲೆಗೆ ಹೋಗಿ ಕೂತಿತು. ಅದನ್ನು ಬಿಡಿಸುವ ಹೊತ್ತಿಗೆ ಸಾಕುಸಾಕಾಯಿತಂತೆ!

ಬರಡಯ್ಯ? ಇಷ್ಟು ದಿನ ಊರಿನ ತಂಪು ಹೀರಿ ಬದುಕಿದವನು, ಕುಗ್ಗಿ ಕುಗ್ಗಿ ಒಣಗಿದ ಹೀರೇಕಾಯಿಯಾಗಿ ಬಿದ್ದ. ಆ ಊರವರು ಬಹಳ ದಿನ ಅದರಲ್ಲೇ ಬೆನ್ನುಜ್ಜಿಕೊಂಡರು.

ಸಂಕವ್ವ ಮೊದಲ ಬೊಗಸೆ ನೀರನ್ನು ಗಂಡನ ಬಾಯಿಗೆ ಬಿಟ್ಟಳು. ಅವನ ಹಣೆಯ ಕಾವು ಇಳಿಯಿತು, ಕಣ್ಣು ಬಿಟ್ಟ. ಆಮೇಲೆ ಬಿಸಿಲಿನಲ್ಲಿ ಮಲಗಿದ್ದ ಚಿಟ್ಟಿಯ ಮೇಲೆ ಬಾಗಿದಳು. ಅವಳ ನೆರಳು ಮಗುವಿನ ಮುಖದ ಮೇಲೆ ತಣ್ಣಗೆ ಬಿತ್ತು. ಮಗು ಆಕಳಿಸಿ ನಿದ್ದೆಹೋಯಿತು. ಸಂಕವ್ವ ಬಾಗಿದವಳು ಬಾಗಿಯೇ ಇದ್ದಳು, ಏಳಲು ಮನಸ್ಸೇ ಬರಲಿಲ್ಲ.

ಆಮೇಲೆ ಪಟ್ಟಣ ಇನ್ನೂ ಬೆಳೆಯಿತು, ಕೊಳವೆ ಬೀದಿ ಬೀದಿಗೆ, ಮನೆ ಮನೆಗೆ ಬಂತು. ಹಳೆಯ ಪದ್ಧತಿ ಹೋಯಿತು, ಹೊಸದೊಂದು ಹುಟ್ಟಿತು. ಇವತ್ತಿಗೂ ಅಲ್ಲಿ ಬೆಳಗ್ಗೆ ಎದ್ದು ಕೊಡ ಹಿಡಿದವರು ಮೊದಲು ಕೊಳವೆಯ ಬೆನ್ನು ಸವರಿ, "ಉರಿ ಆರಿತೇನವ್ವ?" ಅಂತ ಕೇಳುತ್ತಾರೆ. ಒಳಗಿನಿಂದ ಗೊಳ್ ಅಂದ ಮೇಲೆಯೇ ಕೊಡ ಒಡ್ಡುತ್ತಾರೆ. ಅವರ ಕೊಡ ತುಂಬಿತು, ನಮ್ಮ ಕತೆಯೂ ತುಂಬಿತು. ಕೇಳಿದವರ ಮನೆ ತಣ್ಣಗಿರಲಿ.