ಎಡಗಡೆ ಸೀಟಿನ ಓರೆ

ಬೆಳಗಿನ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಚಾಪೆಗೆ ಎಚ್ಚರವಾಯಿತು. ಕಾರಿನಡಿ ಹಾಸಿದ್ದ ಆ ಬೂದುಬಣ್ಣದ ಹಾಸಿನ ಅಂಚಿನಲ್ಲಿ ನೀಲಿ ಬೆಳಕು ಹರಿದು, ನೆಂಟರ ಚಪ್ಪಲಿಯನ್ನು ಬೆಕ್ಕು ಮೂಸುವ ಹಾಗೆ ನಾಲ್ಕೂ ಚಕ್ರಗಳನ್ನು ಮೂಸಿ ಬಂತು. ಮುಂದಿನ ಚಕ್ರಗಳು ನಮ್ಮ ಪಾದಗಳಂತೆ ಒಳಮುಖವಾಗಿಯೋ ಹೊರಮುಖವಾಗಿಯೋ ತಿರುಗಿದ್ದರೆ ಅದು ಟೋ; ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಎರಡನ್ನೂ ಚಾಪೆ ಬೆಳಕಿನಿಂದಲೇ ಅಳೆದು, ಚಕ್ರದ ಹಿಂದಿನ ಬೋಲ್ಟುಗಳಿಗೆ ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತಿತ್ತು. ಆ ಬೋಲ್ಟುಗಳ ಮಿಶ್ರಲೋಹದ ಗುಣವೇ ಹಾಗೆ: ಮಿಡಿತ ಸಿಕ್ಕರೆ ಕೂದಲೆಳೆಯಷ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ, ಮತ್ತೆ ಹೇಳುವವರೆಗೂ ಹಾಗೆಯೇ ಇರುತ್ತದೆ. ಲೋಟದ ಕಾಫಿ ಮುಗಿಯುವಷ್ಟರಲ್ಲಿ ಕಾರು ನೆಟ್ಟಗೆ. ಚಾಪೆ ಬಂದ ಮೇಲೆ ಮೈಸೂರಿನ ಅಲೈನ್‌ಮೆಂಟ್ ಅಂಗಡಿಗಳು ಒಂದೊಂದಾಗಿ ದೋಸೆ ಹೋಟೆಲುಗಳಾಗಿದ್ದವು. ಕಾರು ಎತ್ತುತ್ತಿದ್ದ ಜಾಗದಲ್ಲಿ ಈಗ ಕಾವಲಿ.

ಆದರೆ ಬೋಗಾದಿಯ ಸುಚೇತಾ ಟೀಚರ ಮನೆಯಲ್ಲಿ ಚಾಪೆಗೂ ಯಜಮಾನಿಗೂ ಜಗಳ ನಡೆದಿತ್ತು.

"ಚಾಲಕರ ಎಡವಾಲು, ಅಂದರೆ ಎಡಕ್ಕೆ ವಾಲಿ ಕೂರುವುದು, ಕೆಲವು ತಿಂಗಳಿಂದ ಕಂಡುಬಂದಿಲ್ಲ. ಅದಕ್ಕಾಗಿ ಇಟ್ಟಿದ್ದ ಹಳೆಯ ಹೊಂದಿಕೆಯನ್ನು ಅಳಿಸಲೇ?" ಎಂದಿತು ಚಾಪೆ, ರೈಲ್ವೆ ಸ್ಟೇಷನ್ನಿನ ಧಾಟಿಯಲ್ಲಿ.

"ಬೇಡ ಅಂತ ದಿನಾ ಹೇಳ್ತಿದ್ದೀನಲ್ಲ, ಕಿವಿ ಕೇಳ್ಸಲ್ವಾ?"

"ವಾಹನ ಬಲಕ್ಕೆ, ಎದುರು ಬರುವವರ ಕಡೆಗೆ ಸರಿಯುತ್ತಿದೆ. ಇಂದು ಸಂಜೆಯ ನಂತರ ಈ ವಾಹನ ಗೇಟು ದಾಟುವಂತಿಲ್ಲ."

ಟೀಚರು ಲೋಟ ಕುಕ್ಕಿದರು. ಹಿಂದಿನ ದಿನವೇ ಕಾರು ಬಲಕ್ಕೆ ಜಾರಿ, ಹೂವಿನ ಗಾಡಿಯವನೊಬ್ಬ ಬೆಚ್ಚಿಬಿದ್ದು ಬೈದು ಹೋಗಿದ್ದ. ಅದು ಅವರಿಗೂ ಗೊತ್ತು. ಆದರೆ ಆ ಹೊಂದಿಕೆಯನ್ನು ಅಳಿಸಿದರೆ ಕಾರಿನಲ್ಲಿ ಚಂದ್ರಮೌಳಿ ಕೂತಿದ್ದ ಕಟ್ಟಕಡೆಯ ಗುರುತೂ ಹೋದಂತೆ.

ಮೌಳಿ ಅವರ ಗಂಡ. ಅಂಚೆ ಕಚೇರಿಯಲ್ಲಿ ನೌಕರಿ, ಉಳಿದ ಹೊತ್ತೆಲ್ಲ ಮಿಮಿಕ್ರಿ. ಟೀಚರು ಕಾರು ಓಡಿಸಿದರೆ ಆತ ಎಡಗಡೆ ಸೀಟಿನಲ್ಲಿ ಕೂತು ಊರನ್ನೇ ಬಾಯಲ್ಲಿ ಓಡಿಸುತ್ತಿದ್ದ. ಸರ್ಕಲ್ಲಿನ ಪೊಲೀಸಿನ ಸೀಟಿ, ಸಿಟಿ ಬಸ್ಸಿನ ಕೆಮ್ಮು, ಹೆಂಡತಿಯ ಗದರು. ಒಂದೊಂದು ಐಟಂ ಮುಗಿದಾಗಲೂ ಡ್ಯಾಶ್‌ಬೋರ್ಡಿನ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಟಕ್ ಟಕ್. ಪರದೆ ಬಿತ್ತು ಎಂದು ಅರ್ಥ. ಕಳೆದ ಮಾಗಿಯಲ್ಲಿ ಪರದೆ ಬಿದ್ದದ್ದು ಟಕ್ ಟಕ್ ಇಲ್ಲದೆ.

ಅಳಿಸಲೇ ಎಂದು ಚಾಪೆ ಮೊದಲ ಸಲ ಕೇಳಿದ್ದು ಅದಾದ ಮೇಲೆ. ತಾವು ಇಷ್ಟು ವರ್ಷ ಎಡಕ್ಕೆ ವಾಲಿ ಓಡಿಸುತ್ತಿದ್ದೆವೆಂದು ಟೀಚರಿಗೆ ತಿಳಿದದ್ದೂ ಆವಾಗಲೇ.

ಗೇಟಿನ ಸದ್ದಾಯಿತು. ಒಳಗೆ ಬಂದವಳು ಡಾಕ್ಟರ್ ಇಂಚರಾ, ಚಾಪೆ ಕಂಡುಹಿಡಿದವಳು.

"ನಮಸ್ಕಾರ ಟೀಚರ್. ಗುರುತು ಸಿಗಲಿಲ್ವಾ? ನಿಮ್ಮ ಡ್ರೈವಿಂಗ್ ಸ್ಕೂಲಲ್ಲೇ ಕಲಿತಿದ್ದು ನಾನು. ಕ್ಲಚ್ ಅಂದ್ರೆ ಬ್ರೇಕ್ ತುಳೀತಿದ್ದೆ."

"ಅಂಥವರು ಬೇಕಾದಷ್ಟಿದ್ರು. ಅವರಲ್ಲಿ ನೀನು ಯಾರಮ್ಮ?"

"ಆ ಭಯಕ್ಕೇ ಕಾರು ತಾನೇ ಸರಿಯಾಗೋ ಹಾಗೆ ಮಾಡಿದವಳು." ಇಂಚರಾ ನಕ್ಕಳು. "ಇಡೀ ಊರಲ್ಲಿ ನನ್ನ ಚಾಪೆಗೆ ಬೇಡ ಅಂದವರು ನೀವೊಬ್ಬರೇ. ಹೆಸರು ನೋಡಿ ನಾನು ನಂಬಲೇ ಇಲ್ಲ. 'ನೆಟ್ಟಗೆ ಕೂತ್ಕೊಳ್ರೀ, ಕಾರೇನು ಮಂಚಾನಾ?' ಅಂತ ಮೈಸೂರಿಗೆಲ್ಲ ಬೈದ ಟೀಚರಿಗೇ ಎಡವಾಲಾ? ಬೆನ್ನುಮೂಳೆ ತೊಂದರೆ ಅಂತ ಬರೆದುಕೊಂಡಿದ್ದೆವು."

"ಬೆನ್ನುಮೂಳೆ ಗಟ್ಟಿಯಾಗೇ ಇದೆ. ಎಡಗಡೆ ಒಬ್ಬ ಕೂರ್ತಿದ್ದ. ಮೆಲ್ಲಗೆ ಮಾತಾಡ್ತಿದ್ದ, ಕೇಳ್ಬೇಕಾದ್ರೆ ವಾಲಬೇಕಿತ್ತು." ಟೀಚರ ದನಿ ಏರಿತು. "ನಿನ್ನ ಚಾಪೆ ಅದನ್ನ ನನಗೆ ಹೇಳ್ಬಾರದಿತ್ತಾ? ನಾನು ಎಡಕ್ಕೆ ವಾಲಿದಷ್ಟೂ ಕಾರನ್ನ ಬಲಕ್ಕೆ ವಾಲಿಸಿ, ಸುಮ್ಮನೆ ಸರಿದೂಗಿಸ್ಕೊಂಡು ಹೋಗೋದಾ?"

"ಕೇಳದೆ ಮಾಡಲ್ಲ ಟೀಚರ್. ಚಾಲಕರ ಬಾಯಿಂದಲೇ ಹೂಂ ಅನಿಸಿಕೊಳ್ಳತ್ತೆ. ನೀವು ಹೂಂ ಅಂದಿದ್ದೀರಿ."

"ನಾನಾ? ಯಾವಾಗ?"

ಇಂಚರಾ ಚಾಪೆಯ ಅಂಚನ್ನು ಮುಟ್ಟಿದಳು. ಕಾರಿನ ಕೆಳಗಿನಿಂದ ಸುಚೇತಾ ಟೀಚರದೇ ದನಿ ಹೊರಬಂತು. ಅದೇ ಗದರು, ಅದೇ ಮೂಗಿನ ತುದಿಯ ಸಿಟ್ಟು: "ಹೂಂ, ಮಾಡು. ಕಾರನ್ನ ಸರಿ ಮಾಡು, ವಾಲೋರನ್ನ ಸರಿ ಮಾಡೋಕೆ ಹೋಗ್ಬೇಡ. ಈ ವಿಷಯ ಮತ್ತೆ ಎತ್ತಲೂ ಬೇಡ, ಗೊತ್ತಾಯ್ತಾ?"

ಕೊನೆಯಲ್ಲಿ ಲೋಹದ ಮೇಲೆ ಗೆಣ್ಣಿನ ಸದ್ದು. ಟಕ್ ಟಕ್.

ಟೀಚರು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಕಳ್ಳ," ಎಂದರು. ಮತ್ತೆ, "ಕಳ್ಳ."

"ಟೀಚರ್?"

"ಅದು ನಾನಲ್ಲ ಕಣೇ. ಮೌಳಿ."

ಇಂಚರಾ ಚಾಪೆಯಿಂದ ಕೈ ಹಿಂದಕ್ಕೆ ತೆಗೆದಳು. ದನಿ ಗುರುತಿಸುವ ಯಂತ್ರಗಳಿಗೆಲ್ಲ ಅದು ಒಪ್ಪಿಗೆಯಾಗಿತ್ತು. "ಆದರೆ ಯಾಕೆ? ನಿಮಗೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ಮಾರನೇ ದಿನದಿಂದ ನಾನು ಬೆನ್ನಿಗೆ ಸ್ಕೇಲ್ ಕಟ್ಟಿಕೊಂಡು ಕೂರ್ತಿದ್ದೆ. ಡ್ರೈವಿಂಗ್ ಟೀಚರ್ ಅಲ್ವಾ! ಆಮೇಲೆ ಅವನ ಪೊಲೀಸ್ ಸೀಟಿ ಕೇಳೋಕೆ ಯಾರು ವಾಲ್ತಿದ್ರು?" ಟೀಚರು ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. ಕನ್ನಡಕ ಸ್ವಚ್ಛವಾಗಿಯೇ ಇತ್ತು. "ನಾನು ನೆಟ್ಟಗೆ ಹೋಗ್ಲಿ ಅಂತ ಮಾಡಿದ್ದು. ಈಗ ಅದೇ ನನ್ನನ್ನ ಎದುರುಗಡೆಯವರ ಮೇಲೆ ನುಗ್ಗಿಸ್ತಾ ಇದೆ."

"ಆ ಕೋನವನ್ನ ಬೇಕಾದ್ರೆ ನಾನು ಎತ್ತಿಟ್ಟು ಕೊಡ್ತೀನಿ ಟೀಚರ್."

"ಕೋನ ಇಟ್ಕೊಂಡು ಏನು ಮಾಡ್ಲಿ, ಐಸ್‌ಕ್ರೀಮ್ ಹಾಕ್ಕೊಂಡು ತಿನ್ಲಾ? ಅಳಿಸೋಣ. ಆದ್ರೆ ನಿನ್ನ ಚಾಪೆ ಬೇಡ. ಆ ಬೋಲ್ಟನ್ನ ಕೈಯಲ್ಲಿ ತಿರುಗಿಸಬಹುದಾ?"

"ಸ್ಪ್ಯಾನರ್ ಹಿಡಿಯೋ ಹಾಗೆ ತಲೆ ಬಿಟ್ಟಿದ್ದೀನಿ. ಇವತ್ತಿನವರೆಗೆ ಯಾರೂ ಮುಟ್ಟಿಲ್ಲ."

ಟೀಚರು ಒಳಗಿನಿಂದ ಟೇಪು, ದಾರ, ಒಂದು ದಪ್ಪ ನಟ್ಟು ತಂದರು. ಚಾಪೆ ಸುತ್ತಿ ಮೂಲೆಗಿಟ್ಟರು. ಟೈರುಗಳಲ್ಲಿ ಗಾಳಿ ಸಮ ಇದೆಯೇ ನೋಡಿ, ಸ್ಟೀರಿಂಗ್ ಅಲುಗದಂತೆ ಕಟ್ಟಿದರು. ಚಕ್ರದ ನೆತ್ತಿಯ ಮೇಲಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟು, ದಾರಕ್ಕೂ ರಿಮ್ಮಿನ ಮೇಲಂಚಿಗೂ ಎಷ್ಟು ಅಂತರ, ಕೆಳಂಚಿಗೂ ಎಷ್ಟು ಎಂದು ಅಳೆಯುವುದು ಅವರ ಹಳೆಯ ಕ್ರಮ. ಬಲಚಕ್ರದ ನೆತ್ತಿ ಎಡದ್ದಕ್ಕಿಂತ ಹೊರಕ್ಕೆ ವಾಲಿತ್ತು; ಕಾರನ್ನು ಬಲಕ್ಕೆ ಎಳೆಯುತ್ತಿದ್ದುದು ಅದೇ. ಸ್ಪ್ಯಾನರಿನಿಂದ ಒಂದಿಷ್ಟು ತಿರುಗಿಸಿ, ಕಾರನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ, ಮತ್ತೆ ಅಳೆದು, ಎರಡೂ ಕಡೆ ಒಂದೇ ಆಗುವವರೆಗೆ ಬಿಡಲಿಲ್ಲ.

"ಕ್ಯಾಂಬರ್ ಮುಟ್ಟಿದ್ರೆ ಟೋ ಕೆಡತ್ತೆ," ಎಂದರು. "ಆ ಕಡೆ ಮಲಗಿ ಟೇಪು ಹಿಡ್ಕೋ."

ಇಂಚರಾ ನೆಲಕ್ಕೆ ಮೈಚಾಚಿದಳು. ಟೀಚರು ಈ ಬದಿ. ಕಾರಿನಡಿ ಒಬ್ಬರಿಗೊಬ್ಬರ ಮುಖ ಅಡ್ಡಡ್ಡ ಕಾಣುತ್ತಿತ್ತು. ಮುಂದಿನ ಎರಡು ಚಕ್ರಗಳ ನಡುವಿನ ಅಂತರ ಮುಂದಂಚಿನಲ್ಲಿ ಎಷ್ಟು, ಹಿಂದಂಚಿನಲ್ಲಿ ಎಷ್ಟು. ಒಬ್ಬರಿಂದ ಆಗುವ ಕೆಲಸವೇ ಅಲ್ಲ ಅದು. ಚಾಪೆ ಇನ್ನೂ ಬಂದಿರದ ಎರಡು ಸಾವಿರದ ಇಪ್ಪತ್ತೈದನೆಯ ಇಸವಿಯ ಭಾನುವಾರಗಳಲ್ಲಿ ಆ ತುದಿಯಲ್ಲಿ ಮೌಳಿಯ ಮುಖ ಇರುತ್ತಿತ್ತು, ಮೂಗಿನ ಮೇಲೆ ಗ್ರೀಸು. ಅಲೈನ್‌ಮೆಂಟ್ ಅಂಗಡಿಯವನ ದನಿ ತೆಗೆದು, ಟೇಪು ಎಳೆದು ಬೇಕೆಂದೇ ಸಡಿಲ ಬಿಡುತ್ತಿದ್ದ. ಆ ದನಿ ಈಗ ತಮ್ಮ ಗಂಟಲಿನಿಂದ ಎದ್ದು ಬಂದದ್ದು ಟೀಚರಿಗೇ ಆಶ್ಚರ್ಯ:

"ಮೇಡಂ, ಟೋ ಸ್ವಲ್ಪ ಔಟ್ ಇದೆ. ಟೈರೂ ಹೋಗಿದೆ, ರಾಡೂ ಹೋಗಿದೆ, ನಿಮ್ಮ ಯಜಮಾನ್ರನ್ನೂ ಬದಲಾಯಿಸಿಬಿಡೋಣ್ವಾ?"

ಇಂಚರಾ ನಗುತ್ತಾ ಟೇಪು ಬಿಟ್ಟಳು. ಅದು ಸರ್ರನೆ ಸುರುಳಿಯಾಗಿ ಟೀಚರ ಕೈಗೆ ಹೊಡೆಯಿತು.

"ಟೋ ನೋಡ್ತೀನಿ ಅಂತ ಟೋಪಿ ಹಾಕ್ತಿದ್ರು ಕಣೆ," ಎಂದರು ಟೀಚರು, ಕೈ ಉಜ್ಜಿಕೊಳ್ಳುತ್ತಾ. "ಅದಕ್ಕೇ ಮನೇಲಿ ಮಾಡ್ತಿದ್ವಿ. ಹಿಡಿ, ಮತ್ತೆ."

ಸಂಜೆಗೆ ಮುಂಚೆ ಚಾಪೆ ಹಾಸಿ ತೋರಿಸಿದಾಗ ಅದು ಹಸಿರು ಮಿಣುಕಿತು. ಟೀಚರು ಕಾರು ಹೊರಡಿಸಿದರು. ಇಂಚರಾ ಎಡಗಡೆ ಕೂತಳು. ರಿಂಗ್ ರಸ್ತೆಯಲ್ಲಿ ಕಾರು ನೂಲು ಹಿಡಿದಂತೆ ನೆಟ್ಟಗೆ ಓಡಿತು. ಅಷ್ಟು ನೆಟ್ಟಗೆ ಓಡಿದ್ದು ಟೀಚರಿಗೆ ಸ್ವಲ್ಪ ಖಾಲಿ ಖಾಲಿ ಅನಿಸಿತು.

ಇಂಚರಾ ಕಿಟಕಿಯ ಕಡೆ ನೋಡುತ್ತಾ ಏನೋ ಮೆಲ್ಲಗೆ ಹೇಳಿದಳು.

"ಏನಂದೆ?" ಟೀಚರು ವಾಲಿದರು. ಕಾರು ಎಡಕ್ಕೆ ಸರಿಯಿತು. ಈ ಸಲ ಅದನ್ನು ಮುಚ್ಚಿಡಲು ಯಾವ ಹೊಂದಿಕೆಯೂ ಇರಲಿಲ್ಲ. ಸ್ಟೀರಿಂಗಿನಲ್ಲಿ, ಅಂಗೈಯಲ್ಲಿ, ಹೆಗಲಿನಲ್ಲಿ ಅದು ಸ್ಪಷ್ಟವಾಗಿ ತಿಳಿಯಿತು. ಓಹೋ, ಇಷ್ಟು ವರ್ಷ ಹೀಗಿತ್ತೇ ನಾನು ವಾಲುತ್ತಿದ್ದುದು!

"ಮುಂದಿನ ಚಾಪೆ ತಿದ್ದೋದಕ್ಕೆ ಮುಂಚೆ ಎದುರಿಗೇ ಹೇಳೋ ಹಾಗೆ ಮಾಡ್ತೀನಿ ಅಂದೆ," ಎಂದಳು ಇಂಚರಾ. "ಇಬ್ಬರೂ ಹೂಂ ಅನ್ನಬೇಕು, ಓಡಿಸೋರೂ, ಪಕ್ಕದಲ್ಲಿ ಕೂತೋರೂ."

ಅದು ಇನ್ನೂ ಬರಬೇಕಾದ ಚಾಪೆ; ಈ ಕಥೆಯದೂ ನಮಗಿನ್ನೂ ಬಂದಿಲ್ಲ. ಸದ್ಯಕ್ಕೆ, ಕಾರು ಎಳೆದರೆ ಅಂಗೈಗೆ ತಿಳಿಯುವ ನಮ್ಮ ಈ ದಿನಗಳಲ್ಲಿ, ಟೇಪಿಗೆ ಎರಡು ತುದಿಗಳಿವೆ. ಇನ್ನೊಂದನ್ನು ಹಿಡಿಯುವವರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ, ಮನೆಯೊಳಗೆಲ್ಲೋ ಇದ್ದಾರೆ.

ಸುಚೇತಾ ಟೀಚರು ಕಾರನ್ನು ನಿಧಾನವಾಗಿ ನೇರಕ್ಕೆ ತಂದು, ಡ್ಯಾಶ್‌ಬೋರ್ಡಿನ ಮೇಲೆ ಗೆಣ್ಣಿನಿಂದ ಒಂದು ಸಲ ತಟ್ಟಿದರು. ಎರಡನೆಯದನ್ನು ಹಾಗೇ ಇಟ್ಟುಕೊಂಡರು.