ಮೋಡಕ್ಕೆ ಅಡ್ಡ ನಿಂತ ಅಜ್ಜಿ

"ಅಜ್ಜೀ, ಆಚೆ ಬಾ! ಮತ್ತೆ ಫ್ರೇಮ್ ಒಳಗೆ ಬಂದಿದೀಯ!"

ಶ್ವೇತಾ ಗಂಟಲು ಹರಿಯುವಂತೆ ಕೂಗಿದಳು. ತುರಹಳ್ಳಿ ಗುಡ್ಡದ ತುದಿಯಲ್ಲಿ ಗಾಳಿ ಎಷ್ಟು ಜೋರಾಗಿತ್ತೆಂದರೆ ಅವಳ ಕೂಗು ಅವಳ ಬಾಯಿಗೇ ವಾಪಸ್ ಬಂತು. ಚೆನ್ನೈ ಕಡೆ ಸೈಕ್ಲೋನ್ ಅಂತೆ. ಅದರ ಚಳಿ, ತುಂತುರು, ಮಂಜು ಎಲ್ಲಾ ಈ ಗುಡ್ಡದ ಮೇಲೆ ಬಂದು ಬಿದ್ದಿತ್ತು.

ಅಜ್ಜಿ ತಂಗೆವ್ವ ಮಾತ್ರ ಬಂಡೆಯ ಮೇಲೆ ನೆಟ್ಟಗೆ ನಿಂತಿದ್ದಳು. ತಲೆತುಂಬ ಸೆರಗು, ಕೈ ಎರಡೂ ಪಕ್ಕಕ್ಕೆ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅವರ ಊರಿನಲ್ಲಿ ಫೋಟೋಗೆ ನಿಲ್ಲುವುದು ಹಾಗೆಯೇ. ನಕ್ಕರೆ ಫೋಟೋ ಕೆಡುತ್ತದೆ, ಅಳ್ಳಾಡಿದರೆ ಮರ್ಯಾದೆ ಕೆಡುತ್ತದೆ.

"ಅಜ್ಜಿ, ನಾನು ಮೋಡದ ಫೋಟೋ ತೆಗೀತಿರೋದು!"

"ಬರೇ ಮೋಡದ ಫೋಟೋ ಯಾರ ತಗೀತಾರವಾ? ಮಂದಿ ಇಲ್ಲದ್ದು ಒಂದು ಫೋಟೋ ಏನ? ನೀ ಒತ್ತು, ನಾ ಅಳ್ಳಾಡೂದಿಲ್ಲ" ಎಂದಳು ಅಜ್ಜಿ, ತುಟಿ ಕೂಡ ಅಳ್ಳಾಡಿಸದೆ.

ಶ್ವೇತಾಗೆ ಅಳುವೇ ಬಂತು. ಸೋಮವಾರ ಸ್ಕೂಲಿನಲ್ಲಿ ಸೈನ್ಸ್ ಎಕ್ಸಿಬಿಷನ್. ಕ್ಲಾಸಿನ ಅರ್ಧ ಜನ ಥರ್ಮಾಕೋಲಿನ ಜ್ವಾಲಾಮುಖಿ ಮಾಡುತ್ತಿದ್ದರು. ಇವಳು ಮಾತ್ರ "ನಾನು ಮೋಡ ಓಡೋದನ್ನ ತೋರಿಸ್ತೀನಿ ಮಿಸ್" ಎಂದು ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ನಿಮಿಷಕ್ಕೊಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಸರಸರ ಓಡಿಸಿದರೆ ಆಯಿತು, ಟೈಮ್‌ಲ್ಯಾಪ್ಸ್! ಬಿಟಿಎಂ ಬಡಾವಣೆಯಲ್ಲಿ ಇವರ ಮೇಲಿನ ಮನೆಯ ರವಿಕುಮಾರ್ ಅಂಕಲ್ ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದರು, ಇವತ್ತೊಂದು ದಿನಕ್ಕೆ. ನಾಳೆ ಅವರು ಕ್ಯಾಮೆರಾ ಸಮೇತ ಊರಿಗೆ ಹೋಗುತ್ತಾರೆ. ಇವತ್ತು ಹಾಳಾದರೆ ಕತೆ ಮುಗಿಯಿತು. ಅದಕ್ಕೇ ಅಜ್ಜಿ ಅಡ್ಡ ನಿಂತರೂ ನಿಮಿಷಕ್ಕೊಮ್ಮೆ ಬಟನ್ ಒತ್ತುತ್ತಲೇ ಇದ್ದಳು.

ಕ್ಯಾಮೆರಾಗೆ ಸ್ಟ್ಯಾಂಡ್ ಇರಲಿಲ್ಲ. ಅಡುಗೆಮನೆಯ ಸ್ಟೂಲನ್ನೇ ಆಟೋದಲ್ಲಿ ಹಾಕಿಕೊಂಡು ಬಂದಿದ್ದರು. ಕಟ್ಟಲು ದಾರ ಮರೆತಿದ್ದರಿಂದ ಅಪ್ಪ ಹನಮಂತ ತನ್ನ ಪೈಜಾಮದ ಲಾಡಿಯನ್ನೇ ಎಳೆದು ಕೊಟ್ಟಿದ್ದ. ಈಗ ಒಂದು ಕೈಯಲ್ಲಿ ಕ್ಯಾಮೆರಾಗೆ ಛತ್ರಿ, ಇನ್ನೊಂದು ಕೈಯಲ್ಲಿ ಪೈಜಾಮ ಹಿಡಿದು ನಿಂತಿದ್ದ.

ಅಷ್ಟರಲ್ಲಿ ಬೀಸಿದ ಗಾಳಿಗೆ ಛತ್ರಿ ಹಾರಿತು. ಛತ್ರಿಯೋ ಪೈಜಾಮವೋ ಎಂದು ಅಪ್ಪ ಒಂದು ಗಳಿಗೆ ಯೋಚಿಸಿದ. ಆಮೇಲೆ ಪೈಜಾಮವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಛತ್ರಿಯ ಹಿಂದೆ ಕುಪ್ಪಳಿಸುತ್ತಾ ಓಡಿದ.

ಗಲಾಟೆ ಕೇಳಿ ಗುಡ್ಡ ಕಾಯುವ ರಾಮಯ್ಯ ಬಂದ. "ಯಾವ ಪಿಕ್ಚರ್ರು ಮೇಡಂ?" ಎಂದು ಶ್ವೇತಾಳನ್ನೇ ಕೇಳಿದ. ಅಜ್ಜಿ ನಿಂತ ಗತ್ತು ನೋಡಿ, ಟೋಪಿ ಸರಿಮಾಡಿಕೊಂಡು ತಾನೂ ಪಕ್ಕದಲ್ಲಿ ಅಟೆನ್ಷನ್ ನಿಂತುಬಿಟ್ಟ.

ಶ್ವೇತಾಳ ತಾಳ್ಮೆ ಕಟ್ ಆಯಿತು.

"ಹೋಗಜ್ಜಿ! ನೀನಿದ್ರೆ ಎಲ್ಲಾ ಹಾಳು! ನಿನ್ನನ್ನ ಕರ್ಕೊಂಡೇ ಬರಬಾರದಿತ್ತು!"

ಈ ಸಲ ಮಾತು ಸರಿಯಾಗಿ ತಲುಪಿತು. ಅಜ್ಜಿ ಬಂಡೆಯಿಂದ ಇಳಿದು, ಸ್ಟೂಲಿನ ಹಿಂದೆ ಹೋಗಿ ಕುಳಿತಳು. ರಾಮಯ್ಯನೂ ಮೆಲ್ಲಗೆ ಜಾರಿಕೊಂಡ. ಆಮೇಲೆ ಮಧ್ಯಾಹ್ನದವರೆಗೂ ಶ್ವೇತಾ ಒಂದು ಅಡ್ಡಿಯೂ ಇಲ್ಲದೆ ಬರೀ ಮೋಡ ತೆಗೆದಳು.

ಸಂಜೆ ರವಿಕುಮಾರ್ ಅಂಕಲ್ ಮನೆಯಲ್ಲಿ ಕಂಪ್ಯೂಟರ್ ಆನ್ ಆಯಿತು. ಅಜ್ಜಿ ಬಾಗಿಲ ಹತ್ತಿರವೇ ನಿಂತಳು. ಶ್ವೇತಾ ಅಡ್ಡಿಯಿಲ್ಲದ ಫೋಟೋಗಳನ್ನು ತೆರೆದು, ಬಾಣದ ಗುರುತಿನ ಕೀ ಒತ್ತಿ ಹಿಡಿದಳು.

ಬಿಳಿ. ಮತ್ತೂ ಬಿಳಿ. ಅದರ ಮುಂದೆಯೂ ಬಿಳಿ.

"ಹ್ಯಾಂಗ್ ಆಯ್ತಾ?" ಅಂಕಲ್ ಮಾನಿಟರ್ ತಟ್ಟಿದರು.

ಹ್ಯಾಂಗ್ ಆಗಿರಲಿಲ್ಲ. ಮೋಡ ಓಡುತ್ತಲೇ ಇತ್ತು, ಆದರೆ ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿತ್ತು. ಶ್ವೇತಾ ಅರೆಮನಸ್ಸಿನಿಂದ ಬೆಳಗಿನ ಫೋಟೋಗಳಿಗೆ ಹೋಗಿ ಮತ್ತೆ ಕೀ ಒತ್ತಿದಳು.

ಮೋಡ ಬಂತು! ಅಜ್ಜಿಯ ಪಾದ ನುಂಗಿತು, ಸೊಂಟ ನುಂಗಿತು, ಮುಖವನ್ನೂ ನುಂಗಿ, ಮತ್ತೆ ಹೊರಗೆ ಬಿಟ್ಟಿತು. ಪಕ್ಕದಲ್ಲಿ ಅಪ್ಪ ಒಂದು ಫೋಟೋದಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ರಾಮಯ್ಯ ಮಂತ್ರ ಹಾಕಿದಂತೆ ಮೂಡಿ ಮಾಯವಾದ. ಎಲ್ಲರೂ ಓಡುತ್ತಿದ್ದರು, ಎಲ್ಲವೂ ಓಡುತ್ತಿತ್ತು. ಅಷ್ಟು ಚಳಿಯಲ್ಲಿ, ಅಷ್ಟು ಹೊತ್ತು, ಅಜ್ಜಿಯೊಬ್ಬಳು ಕೂದಲೆಳೆಯಷ್ಟೂ ಅಳ್ಳಾಡಿರಲಿಲ್ಲ.

"ಸಖತ್ತಾಗಿದೆ ಗುರು!" ಎಂದರು ಅಂಕಲ್.

ಶ್ವೇತಾಗೆ ಗುಡ್ಡದ ಮೇಲೆ ತಾನು ಆಡಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

"ಭಾಳ ಹಾಳಾತೇನವಾ?" ಬಾಗಿಲಿಂದ ಅಜ್ಜಿ ಮೆಲ್ಲಗೆ ಕೇಳಿದಳು.

ಶ್ವೇತಾ ಎದ್ದು ಹೋಗಿ ಅಜ್ಜಿಯ ಕೈ ಹಿಡಿದು ತಂದಳು. ತನ್ನ ಕುರ್ಚಿಯಲ್ಲಿ ಕೂರಿಸಿ, ಅವಳ ಒರಟು ಬೆರಳನ್ನು ಕೀ ಮೇಲಿಟ್ಟಳು. ಅಜ್ಜಿ ಒತ್ತಿದಳು. ಮೋಡ ಬಂದು ಮುಚ್ಚಿತು.

"ಅಯ್ಯ, ನಾ ಎಲ್ಲಿ ಹೋದ್ನಿ?" ಅಜ್ಜಿ ಗಾಬರಿಯಾಗಿ ಬೆರಳು ತೆಗೆದಳು. ಪರದೆ ಬಿಳಿಯಾಗಿ ನಿಂತುಬಿಟ್ಟಿತು.

"ಬಿಡಬೇಡ ಅಜ್ಜಿ, ಒತ್ತು" ಎಂದಳು ಶ್ವೇತಾ, ಅಜ್ಜಿಯ ಬೆರಳಿನ ಮೇಲೆ ತನ್ನ ಬೆರಳೂ ಇಟ್ಟು. "ಬರ್ತೀಯ."