ಸುತ್ತ ಹಾಕಿದ ಕುರ್ಚಿಗಳು

ಔಷಧದ ಬೀರುವಿನ ಬಾಗಿಲು ನೆಲದ ಮೇಲೆ ಮಲಗಿತ್ತು. ಬೀಗ ಹಾಗೇ ಇತ್ತು. ಕೀಲಿನ ತಿರುಪುಗಳನ್ನು ಯಾರೋ ನೀಟಾಗಿ ಬಿಚ್ಚಿದ್ದರು. ಬೆಳಿಗ್ಗೆ ಅದನ್ನು ಕಂಡು ನರ್ಸ್ ಕಿಟಾರನೆ ಕಿರುಚಿದ್ದೇ ತಡ, ಅಫೀಮಿನಂಥ ಮಾದಕಗಳ ಚಟ ಬಿಡಿಸುವ ಆ ಚಿಕಿತ್ಸಾಲಯದಲ್ಲಿ ಎಲ್ಲರ ಕಣ್ಣೂ ಒಬ್ಬನ ಮೇಲೆ ಬಿತ್ತು. ಬೈಕ್ ಮೆಕ್ಯಾನಿಕ್. ಹೊಸ ರೋಗಿ. ಜೇಬಲ್ಲಿ ಸ್ಕ್ರೂಡ್ರೈವರ್ ಬೇರೆ.

“ಇನ್ನೇನು ಸಾಕ್ಷಿ ಬೇಕು ಮೇಡಂ?” ಎಂದರು ಡಾಕ್ಟರು, ಇನ್ಸ್‌ಪೆಕ್ಟರಮ್ಮ ಒಳಗೆ ಕಾಲಿಡುತ್ತಿದ್ದಂತೆ. “ಚಿಕಿತ್ಸೆ ಪಟ್ಟಿಯಿಂದ ಇವನ ಹೆಸರು ಹೊಡೆದುಹಾಕ್ತೀನಿ.”

ಮೆಕ್ಯಾನಿಕ್‌ನ ಮುಖ ಬಿಳಿಚಿತು. “ಮಾತ್ರೆ ನಿಂತ್ರೆ ಮತ್ತೆ ಅದೇ ಹಳ್ಳಕ್ಕೆ ಬೀಳ್ತೀನಿ. ಹೆಂಡತಿ ಈಗಷ್ಟೇ ಮಗೂನ ನನ್ನ ಕೈಗೆ ಕೊಡೋಕೆ ಶುರು ಮಾಡಿದ್ದಾಳೆ.”

ಇನ್ಸ್‌ಪೆಕ್ಟರಮ್ಮ ಬೇಗ ನಂಬುವವರಲ್ಲ. ಬೇಗ ಅನುಮಾನಿಸುವವರೂ ಅಲ್ಲ.

“ಏನು ಹೋಗಿದೆ?”

“ಮನೆಗೆ ಕೊಡೋ ಪೊಟ್ಟಣಗಳು ಮಾತ್ರ,” ಎಂದಳು ನರ್ಸ್. “ಇವತ್ತು ಎಲ್ಲರಿಗೂ ತಿಂಗಳ ಮಾತ್ರೆ ಒಟ್ಟಿಗೆ ಕೊಡೋದಿತ್ತು. ಇನ್ನು ದಿನಾ ಬರೋದು ಬೇಡ ಅಂತ.”

“ಬೀರುವಿನಲ್ಲಿರೋ ಆ ದೊಡ್ಡ ಡಬ್ಬಿ?”

“ಅದರಲ್ಲಿ ಇನ್ನೂ ಜಾಸ್ತಿ ಮಾತ್ರೆ ಇದೆ. ಮುಟ್ಟೇ ಇಲ್ಲ.”

ನುಂಗುವ ಕಳ್ಳನಾಗಲಿ, ಮಾರುವ ಕಳ್ಳನಾಗಲಿ ಡಬ್ಬಿಯನ್ನೇ ಎತ್ತುತ್ತಿದ್ದ. ಇನ್ಸ್‌ಪೆಕ್ಟರಮ್ಮ ಪಕ್ಕದ ಕೋಣೆಗೆ ನಡೆದರು.

*

ಅಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿತ್ತು. ನಾಲಿಗೆಯಡಿ ಮಾತ್ರೆ ಇಟ್ಟುಕೊಂಡವರು ಅದು ಕರಗುವ ತನಕ ಬಾಯಿ ಮುಚ್ಚಿ ಕೂತು, ಕರಗಿದ ಮೇಲೆ ಆಪ್ತಸಲಹೆಗಾರ್ತಿಯ ಜೊತೆ ಮನಸ್ಸು ಬಿಚ್ಚುವ ಜಾಗ.

“ಈ ಮಾತುಕತೆ ನಿನ್ನೆಗೆ ಮುಗೀತು,” ಎಂದರು ಡಾಕ್ಟರು. “ಮಾತ್ರೆ ಕೆಲಸ ಮಾಡ್ತಿದೆ. ಹರಟೆಗೆ ಕೋಣೆ ಯಾಕೆ? ಎಲ್ಲರ ಮುಂದೇನೇ ಹೇಳಿದ್ದೆ.”

“ಕುರ್ಚಿಗಳಿಗೆ ಹಗ್ಗ ಬಿಗಿದು ಗೋದಾಮಿಗೆ ಕಳಿಸೋಕೆ ಇಟ್ಟಿದ್ದೆ,” ಎಂದಳು ನರ್ಸ್. “ಬೆಳಿಗ್ಗೆ ಬಂದಾಗ ನೋಡಿದ್ರೆ ಹೀಗೆ ಹಾಕಿತ್ತು.”

“ಯಾರು ಹಾಕಿದ್ದು?”

“ನಾನೇ,” ಎಂದರು ಶಾಲಾ ವ್ಯಾನ್ ಓಡಿಸಿ ನಿವೃತ್ತರಾದ ಹಳೆಯ ರೋಗಿ. ಎಲ್ಲರಿಗೂ ಅವರು ಡ್ರೈವರ್ ಮಾವ. “ದಿನಾ ಎಲ್ಲರಿಗಿಂತ ಮೊದಲು ಬಂದು ಹಾಕ್ತೀನಿ. ಅಭ್ಯಾಸ ನೋಡಿ.”

“ಕುರ್ಚಿ ಹಾಕೋದು ಅಭ್ಯಾಸ. ಬಿಗಿದ ಗಂಟು ಬಿಚ್ಚೋದೂ ಅಭ್ಯಾಸವೇ? ಇವತ್ತು ಎಲ್ಲರೂ ಪೊಟ್ಟಣ ಹಿಡಿದು ಮನೆಗೆ ಹೋಗಬೇಕಿತ್ತು. ಕೂರೋರು ಯಾರೂ ಇಲ್ಲ. ಕಳ್ಳತನ ಗೊತ್ತಾಗೋಕೆ ಮೊದಲೇ, ಎಲ್ಲರೂ ಇಲ್ಲೇ ಉಳೀತಾರೆ ಅಂತ ನಿಮಗೊಬ್ಬರಿಗೇ ಹೇಗೆ ಗೊತ್ತಾಯ್ತು ಮಾವ?”

ಮಾವ ಎದ್ದು ಮೂಲೆಯ ಟೀ ಕಪಾಟು ತೆರೆದರು. ಪೊಟ್ಟಣಗಳೆಲ್ಲ ಅಲ್ಲೇ ಇದ್ದವು. ಒಂದರ ಸೀಲೂ ಒಡೆದಿರಲಿಲ್ಲ.

“ಮಾತ್ರೆ ನಡುಕ ನಿಲ್ಲಿಸ್ತು ಮೇಡಂ, ಇಲ್ಲ ಅನ್ನಲ್ಲ. ಆದ್ರೆ ಹೆಂಡತಿ ಹೋದ ಮೇಲೆ ‘ನಿದ್ದೆ ಬಂತಾ’ ಅಂತ ನನ್ನನ್ನ ಕೇಳೋರು ಇಲ್ಲಿ ಮಾತ್ರ ಇದ್ದಾರೆ. ತಿಂಗಳಿಡೀ ಒಬ್ಬನೇ ಗೋಡೆ ನೋಡ್ತಾ ಕೂತ್ರೆ... ಪೊಟ್ಟಣ ಇಲ್ದಿದ್ರೆ ಎಲ್ಲರೂ ದಿನಾ ಬರಲೇಬೇಕಲ್ಲ ಅನ್ನಿಸ್ತು.”

“ಅದಕ್ಕೆ ಇವನ ಮೇಲೆ ಗೂಬೆ ಕೂರಿಸಿದ್ರಾ?” ಇನ್ಸ್‌ಪೆಕ್ಟರಮ್ಮನಿಗೆ ಕನಿಕರವೂ ಆಯಿತು, ಸಿಟ್ಟೂ ಬಂತು.

“ವ್ಯಾನಿನ ಹಳೇ ಸ್ಕ್ರೂಡ್ರೈವರ್ ಕೈಲಿತ್ತು, ಬಿಚ್ಚಿಬಿಟ್ಟೆ. ಇಷ್ಟು ದೂರ ಯೋಚಿಸಲಿಲ್ಲ. ಬಾಯಿ ಬಿಡೋಕೆ ಧೈರ್ಯ ಸಾಲಲಿಲ್ಲ.” ಮಾವ ತಲೆ ತಗ್ಗಿಸಿದರು.

ಮೆಕ್ಯಾನಿಕ್ ಒಂದು ಕುರ್ಚಿಯನ್ನು ದರದರ ಎಳೆದು ಅವರ ಎದುರೇ ಕೂತ.

“ಮಾತು ಬೇಕು ಅಂದ್ರಲ್ಲ, ಕೂತ್ಕೊಳ್ಳಿ. ಇವತ್ತು ನಾನು ಬೈತೀನಿ, ನೀವು ಕೇಳಿ. ನಾಳೆ ನಿಮ್ಮ ಸರದಿ.” ಆಮೇಲೆ ಡಾಕ್ಟರ ಕಡೆ ತಿರುಗಿದ. “ನಾಳೆ ಇದೆ ಅಲ್ವಾ ಸಾರ್?”

ಡಾಕ್ಟರು ಹಗ್ಗವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ತಾವೂ ಒಂದು ಕುರ್ಚಿ ಎಳೆದುಕೊಂಡರು.